ಕಟ್ಟೆಯ ಕೆಳಗಿನ ಆಯಿ

“ಪೂನಮ್, ಎಲ್ಲಿ ಹಾಳಾಗಿ ಹೋಗೀಯಲೇ? ಎಷ್ಟ ಸಲ ಫೋನ್ ಹಚ್ಚಬೇಕ? ಕೇಳಿಲ್ಲೆ, ನಿಮ್ಮ ಆಯಿ ಗೊಂಬಿ ಆಗ್ಯಾಳ!”

“ಏನಾಗ್ಯಾಳ?”

“ಗೊಂಬಿ! ಫೈಬರಿಂದು! ಆಳೆತ್ತರದ್ದು! ನಮ್ಮ ಮ್ಯೂಜಿಯಮ್‌ನ್ಯಾಗ ಬಾವಿ ಬಾಜೂಕ ನಿಂತಾಳ. ನಮ್ಮವ್ವನ ಆಣಿ, ಈಗ ನೋಡೇನಿ.”

“ನಮ್ಮ ಆಯಿ ಮನ್ಯಾಗ ಕುಂತ ಶೇಂಗಾ ಸುಲಿಯಾಕತ್ತಾಳಲೇ.”

“ಅಕಿ ಮನ್ಯಾಗಿನಾಕಿ. ಇಕಿ ಇಲ್ಲಿನಾಕಿ. ತಡಿ, ಫೋಟೋ ಕಳಸ್ತೇನಿ.”

ನಾನು ಹುಕ್ಕೇರಿ ಬಸ್‌ಸ್ಟ್ಯಾಂಡಿನಲ್ಲಿದ್ದೆ. ಒಂದು ಕೈಯಲ್ಲಿ ಮಿರ್ಚಿ ಭಜಿ, ಇನ್ನೊಂದು ಕೈಯಲ್ಲಿ ಫೋನು. ಫೋನ್ ಮಾಡಿದವಳು ಶುಭಾಂಗಿ. ಬಿ.ಎ. ಎರಡನೇ ವರ್ಷ, ನನ್ನ ಬೆಂಚು. ಸಂಕೇಶ್ವರದ ಜೈನರ ಮನೆಯ ಹುಡುಗಿ, ಅರ್ಧ ಮರಾಠಿ, ಅರ್ಧ ಕನ್ನಡ, ಪೂರ್ತಿ ಗದ್ದಲ. ರಜೆಯಲ್ಲಿ ‘ನೆಲದ ಸಿರಿ’ಯಲ್ಲಿ ಗೈಡ್ ಕೆಲಸಕ್ಕೆ ಸೇರಿದ್ದಳು. ಹತ್ತರಗಿ ದಾಟಿದ ಮೇಲೆ ಹೈವೇ ಪಕ್ಕದಲ್ಲಿ ಹೊಸದಾಗಿ ಮಾಡಿದ ಹಳ್ಳಿ ಬದುಕಿನ ಮ್ಯೂಸಿಯಂ ಅದು. ಹಳೆಯ ನೇಗಿಲು, ಕೂರಿಗೆ, ಬೀಸುವ ಕಲ್ಲು, ಸುಗ್ಗಿ ಕಣ, ಚಕ್ಕಡಿ. ಜೊತೆಗೆ ಆಳೆತ್ತರದ ಗೊಂಬೆಗಳು. ಮಜ್ಜಿಗೆ ಕಡೆಯುವ ಗೊಂಬೆ, ರಾಶಿ ತೂರುವ ಗೊಂಬೆ, ಕುಸ್ತಿ ಆಡುವ ಗೊಂಬೆ. ಜನ ಅದನ್ನು ‘ಗೊಂಬಿ ತ್ವಾಟ’ ಅಂತಲೇ ಕರೆಯುತ್ತಾರೆ. ಮಾಡಿಸಿದವರು ನಮ್ಮೂರಿನ ಗಜಾನನ ಪಾಟೀಲರು.

ಫೋಟೋ ಬಂತು.

ಖರೆ. ಆಯಿನೇ.

ಅದೇ ಚಪ್ಪಟೆ ಮೂಗು. ಎಡಗಣ್ಣಿನ ಕೆಳಗೆ ಅದೇ ಮಚ್ಚೆ. ಮುಂಗೈ ಮೇಲೆ ಅದೇ ಚೇಳಿನ ಹಚ್ಚೆ. ಸೊಟ್ಟ ಹೆಬ್ಬೆರಳು ಕೂಡ ಬಿಟ್ಟಿಲ್ಲ. ಗೊಂಬೆ ಮಾಡಿದವನ ಕೈಗೆ ಕಡಗ ಹಾಕಬೇಕು. ನಾನು ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ಬಿದ್ದು ಬಿದ್ದು ನಕ್ಕೆ. ಬಾಜೂ ಕೂತಿದ್ದ ಮುದುಕ ನನ್ನ ಕಡೆ ನೋಡಿ ಚೀಲ ಎತ್ತಿಕೊಂಡು ಸರಿದು ಕೂತ.

ಆಮೇಲೆ ಫೋಟೋ ದೊಡ್ಡದು ಮಾಡಿದೆ.

ಬಾವಿ. ಬಾವಿಗೆ ಎದೆಯೆತ್ತರದ ಕಟ್ಟೆ. ಕಟ್ಟೆಯ ಮೇಲೆ ಇನ್ನೊಂದು ಗೊಂಬೆ. ಹಸಿರು ಇಳಕಲ್ ಸೀರೆ, ಮೂಗುತಿ, ತುಂಬು ತೋಳು. ಕೈಯಲ್ಲಿ ತಾಮ್ರದ ಕೊಡ. ಕಟ್ಟೆಯ ಕೆಳಗೆ ನಮ್ಮ ಆಯಿ. ಬರಿಗಾಲು. ನಡು ಬಗ್ಗಿಸಿ, ಎರಡೂ ಕೈ ಬೊಗಸೆ ಮಾಡಿ ಬಾಯಿಗೆ ಹಿಡಿದಿದ್ದಾಳೆ. ಮೇಲಿನಿಂದ ಆಕೆ ಸುರಿಯುತ್ತಾಳೆ. ಕೆಳಗೆ ಈಕೆ ಕುಡಿಯುತ್ತಾಳೆ. ಪಕ್ಕದಲ್ಲಿ ಬೋರ್ಡು.

‘ಬಾಯಾರಿ ಬಂದವರಿಗೆ ನೀರುಣಿಸುತ್ತಿರುವ ಪಾಟೀಲ ಮನೆತನದ ಮಹಾತಾಯಿ. ಅಂದಿನ ಹಳ್ಳಿಗಳಲ್ಲಿ ಪ್ರೀತಿಗೆ ಬರವಿರಲಿಲ್ಲ.’

ಭಜಿ ಕೈಯಲ್ಲೇ ಆರಿತು.

ಮನೆಗೆ ಬಂದೆ. ಅಪ್ಪ ಅವ್ವ ಇಬ್ಬರೂ ಮೂಡಲಗಿ ಕಡೆ ಕಬ್ಬು ಕಡಿಯುವ ಗ್ಯಾಂಗಿನಲ್ಲಿದ್ದರು. ಮನೆಯಲ್ಲಿ ನಾನು ಮತ್ತು ಆಯಿ, ಅಂದರೆ ನಮ್ಮಪ್ಪನ ತಾಯಿ ಕಾಶೆವ್ವ. ಎಪ್ಪತ್ತು ದಾಟಿದೆ. ನಾಲಿಗೆಗೆ ಇನ್ನೂ ಹದಿನೆಂಟು.

“ಆಯಿ, ನಿನ್ನ ಗೊಂಬಿ ಮಾಡ್ಯಾರ.”

“ಯಾರಿಗೆ ಮಾಡ್ಯಾರ?”

“ನಿನಗ. ಗಜಾನನ ಪಾಟೀಲರ ಮ್ಯೂಜಿಯಮ್‌ನ್ಯಾಗ.”

ಫೋನು ಕೈಗೆ ಕೊಟ್ಟೆ. ಆಯಿ ದೂರ ಹಿಡಿದಳು, ಹತ್ತಿರ ಹಿಡಿದಳು, ಮತ್ತೆ ದೂರ ಹಿಡಿದಳು.

“ಅಯ್ಯ ನಮ್ಮವ್ವ! ನಾನ ಅಲ್ಲೇನ ಇಕಿ? ಹೊಟ್ಟಿ ಎಷ್ಟ ಸಣ್ಣ ಮಾಡ್ಯಾರ ನೋಡ. ನಿಮ್ಮ ಮುತ್ಯಾ ಇದ್ದಿದ್ರ ಹೊಳ್ಳಿ ಲಗ್ನ ಆಕ್ಕಿದ್ದ.”

ಇಬ್ಬರೂ ನಕ್ಕೆವು. ಅವಳಿಗೆ ಹಲ್ಲು ಕಡಿಮೆ, ನಗು ಜಾಸ್ತಿ. ನಾನು ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ತೋರಿಸಿದೆ. ಅವಳ ಕಣ್ಣು ಮುಖದಿಂದ ಕೈಗೆ ಬಂತು. ಕೈಯಿಂದ ಮೇಲೆ ಕೊಡಕ್ಕೆ ಹೋಯಿತು. ಕೊಡದಿಂದ ಮೂಗುತಿಗೆ.

ಆಯಿ ನಗು ನಿಲ್ಲಿಸಿದಳು.

“ಬೋರ್ಡಿನ್ಯಾಗ ಏನ ಬರದಾರ?”

ಓದಿದೆ.

“ಇನ್ನೊಮ್ಮಿ ಓದ.”

ಓದಿದೆ.

ಆಯಿ ಶೇಂಗಾದ ಮೊರ ಪಕ್ಕಕ್ಕೆ ಸರಿಸಿದಳು. ಸುಲಿದದ್ದು ಒಂದು ಕಡೆ, ಸಿಪ್ಪೆ ಒಂದು ಕಡೆ. ಎರಡನ್ನೂ ಕೈಯಿಂದ ಕಲಸಿಬಿಟ್ಟಳು. ಏನು ಮಾಡುತ್ತಿದ್ದಾಳೆ ಅಂತ ಅವಳಿಗೇ ಗೊತ್ತಾಗಲಿಲ್ಲ ಅನ್ನಿಸುತ್ತದೆ.

“ನಾ ಮಾಡಿ ತೋರ್ಸಿದ್ನಿ ಮಗಾ. ಕುಡಿಯಾಕತ್ತಿರಲಿಲ್ಲ. ಮಾಡಿ ತೋರ್ಸಿದ್ನಿ.”

ಆಗ ನನಗೆ ನೆನಪಾಯಿತು. ಹೋದ ವರ್ಷ ಗಜಾನನ ಪಾಟೀಲರು ಜೀಪು ತಗೊಂಡು ನಮ್ಮ ಓಣಿಗೆ ಬಂದಿದ್ದರು. ಸಮಗಾರರ ಓಣಿಗೆ ಅವರ ಜೀಪು ಬಂದದ್ದು ಚುನಾವಣೆ ಬಿಟ್ಟರೆ ಅದೇ ಮೊದಲು. ಹಳೆಯ ಸಾಮಾನು ಏನಿದ್ದರೂ ಕೊಡು ಕಾಶೆವ್ವ, ಮುಂದಿನ ಪೀಳಿಗೆಗೆ ಗೊತ್ತಾಗಬೇಕು ಅಂದರು. ಆಯಿ ಖುಷಿಯಿಂದ ನನ್ನನ್ನು ಅಟ್ಟ ಹತ್ತಿಸಿದಳು. ನಾನೇ ಹತ್ತಿ ಇಳಿಸಿಕೊಟ್ಟೆ. ಮುತ್ಯಾನ ರಂಪಿಗೆ, ತೊಗಲು ಕೊಯ್ಯುವ ಚೂರಿ ಅದು. ಹೊಲಿಯುವ ಆರಿ. ತೊಗಲು ಬಡಿಯುವ ಕಲ್ಲು. ಎಲ್ಲ ಪುಕ್ಕಟೆ. ಆಯಿ ಸೆರಗಿನಿಂದ ಒರೆಸಿ ಒರೆಸಿ ಕೊಟ್ಟಳು. ಜೊತೆಗೆ ಬಂದಿದ್ದವನು ಫೋಟೋ ಹೊಡೆಯುತ್ತ ಕೇಳಿದ, ನೀವು ಆಗ ನೀರು ಹೆಂಗ ಕುಡೀತಿದ್ದಿರಿ ಅಜ್ಜಿ? ಆಯಿ ಎದ್ದು ನಿಂತು, ನಡು ಬಗ್ಗಿಸಿ, ಬೊಗಸೆ ಹಿಡಿದು, ಹಿಂಗ ನೋಡಪಾ, ಮ್ಯಾಲಿಂದ ಸುರೀತಿದ್ರು ಅಂತ ಮಾಡಿ ತೋರಿಸಿದ್ದಳು.

ನಾನು ಚಾ ಮಾಡಿದ್ದೆ. ಶುಂಠಿ ಹಾಕಿ. ಸಿಂಗಾರದ ಕಪ್ಪಿನಲ್ಲಿ.

“ಈಗಷ್ಟ ಮನ್ಯಾಗ ಕುಡದ ಬಂದೇನಿ” ಅಂದಿದ್ದರು ಗಜಾನನ ಪಾಟೀಲರು. ಫೋಟೋದವನೂ ಅದನ್ನೇ ಅಂದ. ಡ್ರೈವರೂ ಅದನ್ನೇ ಅಂದ. ಮೂರೂ ಜನ ಮೂರು ಮನೆಯವರು. ಮೂರೂ ಜನ ಈಗಷ್ಟೇ ಕುಡಿದಿದ್ದರು. ಜೀಪು ಹೋದ ಮೇಲೆ ಮೂರು ಕಪ್ಪಿನ ಚಾದ ಮೇಲೆ ಕೆನೆ ಕಟ್ಟಿತ್ತು. ಆಯಿ ಒಂದನ್ನೂ ಚೆಲ್ಲಲಿಲ್ಲ. ಮತ್ತೆ ಕಾಸಿ ತಾನೇ ಕುಡಿದಳು.

“ಆಯಿ, ಆ ಗೊಂಬಿ ಒಡದ ಬರೂನೇನ? ನಾ ಕಲ್ಲ ತರ್ತೇನಿ.”

“ಮೊದಲ ನೋಡೂನು ನಡಿ” ಅಂದಳು. “ನನ್ನ ನಾ ಇನ್ನೂ ನೋಡಿಲ್ಲ.”

ಮರುದಿನ ಬೆಳಿಗ್ಗೆ ಟಮಟಮ್ ಹತ್ತಿದೆವು. ಆಯಿ ತೇರಿಗೆ ಹೊರಟವಳ ಹಾಗೆ ತಯಾರಾಗಿದ್ದಳು. ತಲೆಗೆ ಎಣ್ಣೆ, ನೀಲಿ ಸೀರೆ, ಕಾಲಲ್ಲಿ ಮುತ್ಯಾ ಹೊಲಿದ ಕೊನೆಯ ಜೋಡು. ಅಟ್ಟೆ ಎರಡು ಸಲ ಬದಲಾಗಿದೆ, ಮೇಲಿನ ಪಟ್ಟಿ ಅದೇ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಟಮಟಮ್‌ನವನು ಎಲ್ಲದಕ್ಕೂ ಹಾರ್ನ್ ಹೊಡೆದು ಎಲ್ಲರ ಹಿಂದೆಯೇ ಹೋದ.

ಗೇಟಿನಲ್ಲಿ ವಾಚ್‌ಮನ್ ಸಿದ್ರಾಯ ತಡೆದ.

“ಟಿಕೀಟ.”

“ನಮ್ಮ ಆಯಿ ಒಳಗ ಅದಾಳ” ಅಂದೆ. “ಒಳಗಿನಾಕಿಗೆ ಟಿಕೀಟ ಇಲ್ಲ, ಹೊರಗಿನಾಕಿಗೆ ಯಾಕ?”

ಅವನು ಆಯಿಯ ಮುಖ ನೋಡಿದ. ಬಾಯಿ ತೆರೆದ. “ಅಯ್ಯಯ್ಯ, ಇದ ನೀರ ಕುಡಿಯು ಗೊಂಬಿ!” ಅಂದ.

“ಗೊಂಬಿ ನಿಮ್ಮವ್ವ” ಅಂದಳು ಆಯಿ. ಒಳಗೆ ನಡೆದಳು.

ಶುಭಾಂಗಿ ಓಡಿ ಬಂದಳು. ಕೊರಳಲ್ಲಿ ಐಡಿ ಕಾರ್ಡು, ಕೈಯಲ್ಲಿ ಮೈಕು. ಅವಳಿಗೆ ಸಂಭ್ರಮ ತಡೆಯಲಾಗಲಿಲ್ಲ. “ಆಯಿ, ಬರ್ರಿ ಬರ್ರಿ, ನಾನ ನಿಮಗ ಎಲ್ಲಾ ತೋರಸ್ತೇನಿ. ಒಂದ ಸೆಲ್ಫಿ ಹೊಡಿಯೂನೇನ್ರಿ ಗೊಂಬಿ ಜೋಡಿ?” ಅಂದಳು. ನಾನು ಅವಳ ಕಾಲು ತುಳಿದೆ. ಅವಳು ನನ್ನ ಮುಖ ನೋಡಿದಳು. ಮೈಕು ಕೆಳಗಿಳಿಸಿದಳು.

ಮೊದಲು ಗಾಜಿನ ಪೆಟ್ಟಿಗೆಗಳ ಕೋಣೆ. ಕುಡಗೋಲು, ಮಚ್ಚು, ಎತ್ತಿನ ಗೆಜ್ಜೆ. ಮೂಲೆಯ ಪೆಟ್ಟಿಗೆಯಲ್ಲಿ ಕೆಂಪು ಬಟ್ಟೆ ಹಾಸಿ ಮುತ್ಯಾನ ರಂಪಿಗೆ ಮತ್ತು ಆರಿ ಇಟ್ಟಿದ್ದರು. ಮೇಲೆ ಲೈಟು. ಜ್ಯುವೆಲರಿ ಅಂಗಡಿಯ ಹಾಗೆ. ಕೆಳಗೆ ಬರೆದಿತ್ತು: ‘ಚರ್ಮದ ಕೆಲಸದ ಉಪಕರಣ. ಪಾಟೀಲ ಮನೆತನದ ಸಂಗ್ರಹ.’

ನಾನು ಓದಿ ಹೇಳಿದೆ.

“ಪಾಟೀಲರು ಯಾವಾಗ ತೊಗಲ ಕೊಯ್ದರು?” ಅಂದಳು ಆಯಿ. ಅಷ್ಟೇ.

ಅಂಗಳಕ್ಕೆ ಬಂದೆವು. ಬಾವಿ ಬಂತು.

ಬಾವಿ ಖರೇದೇ ತೋಡಿದ್ದರು, ನೀರೂ ಇತ್ತು. ಬಾವಿಯ ಮೇಲೆ ಕಟ್ಟಿಗೆಯ ಗಾಲಿ. ಗಾಲಿಗೆ ಹಗ್ಗ. ಹಗ್ಗದ ತುದಿಗೆ ಮೋಟ. ಮೋಟ ಅಂದರೆ ಎತ್ತುಗಳು ಎಳೆದು ನೀರೆತ್ತುವ ತೊಗಲಿನ ದೊಡ್ಡ ಚೀಲ. ಪಂಪ್‌ಸೆಟ್ ಬರುವ ಮುಂಚೆ ಹೊಲಕ್ಕೂ, ಊರಿಗೂ ನೀರು ಬಂದದ್ದು ಅದರಿಂದಲೇ. ಈ ಮೋಟ ಹಳೆಯದು, ಅಸಲಿ. ಪಾಟೀಲರ ಅಟ್ಟದಿಂದ ಬಂದದ್ದು.

ಆಯಿ ಗೊಂಬೆಯ ಕಡೆ ಹೋಗಲಿಲ್ಲ. ಸೀದಾ ಮೋಟದ ಹತ್ತಿರ ಹೋದಳು. ಹೊಲಿಗೆಯ ಮೇಲೆ ಬೆರಳಾಡಿಸಿದಳು.

“ಎಡಚನ ಹೊಲಿಗಿ.”

“ಅಂದ್ರ?”

“ನಿಮ್ಮ ಮುತ್ಯಾ ಎಡಚ. ಎಲ್ಲಾರ ಹೊಲಿಗಿ ಬಲಕ್ಕ ವಾಲತೈತಿ. ಇದ ಎಡಕ್ಕ ವಾಲೈತಿ ನೋಡ. ಇದ ರಾಜಪ್ಪಂದು.”

ಅವಳು ಗಂಡನ ಹೆಸರು ಹಿಡಿದು ಕರೆದದ್ದನ್ನು ನಾನು ಮೊದಲ ಸಲ ಕೇಳಿದೆ.

ಅಲ್ಲೇ ನಿಂತು ಹೇಳಿದಳು. ನನಗೆ ಹೇಳಿದಳೋ ಮೋಟಕ್ಕೆ ಹೇಳಿದಳೋ. ತೊಗಲು ಸುಣ್ಣದ ಗುಂಡಿಯಲ್ಲಿ ನೆನೆಯಬೇಕು. ಆಮೇಲೆ ತಂಗಡಿ ಗಿಡದ ತೊಗಟೆಯ ನೀರಿನಲ್ಲಿ. ತಿರುವಿ ಹಾಕುವುದು ಹೆಂಗಸರ ಕೆಲಸ. ಮೊಣಕೈವರೆಗೆ ಸುಣ್ಣ ತಿನ್ನುತ್ತದೆ. ಉಗುರು ಬಿಡುತ್ತದೆ. ಊಟ ಮಾಡುವಾಗ ಚಟ್ನಿಗೆ ಕೈ ಹಾಕಿದರೆ ಜೀವ ಹೋಗುತ್ತದೆ. ವಾಸನೆ ಕೂದಲಿಂದ ಹೋಗುವುದಿಲ್ಲ. ಲಗ್ನವಾಗಿ ಬಂದ ಹೊಸದರಲ್ಲಿ ಆಯಿ ತನ್ನ ಕೈಯನ್ನು ತಾನೇ ಮೂಸಿ ಅಳುತ್ತಿದ್ದಳಂತೆ. ಹೊಲಿದಾದ ಮೇಲೆ ಔಡಲ ಎಣ್ಣೆ ತಿಕ್ಕಬೇಕು. ತಿಕ್ಕಿ ತಿಕ್ಕಿ ಹೆಬ್ಬೆರಳು ಸೊಟ್ಟಾಗಿದ್ದು ಅದರಿಂದಲೇ.

“ತೊಗಲ ನಾವ ಹದಾ ಮಾಡಿದ್ವಿ. ಮೋಟ ನಾವ ಹೊಲಿದ್ವಿ. ಅದ ಬಾವ್ಯಾಗ ಇಳೀತಿತ್ತು. ನಮ್ಮ ಎಣ್ಣಿ ಕೈ ಅದರ ಮೈ ತುಂಬ. ಆ ನೀರ ಎಲ್ಲಾರು ಕುಡದ್ರು. ದೇವರಿಗೂ ಅದ ನೀರು. ನಾವ ಕಟ್ಟಿ ಹತ್ತಿದ್ರ ಮಾತ್ರ ಬಾವಿ ಕೆಡತಿತ್ತು.”

“ಮೋಟ ಇಳದ್ರ ಕೆಡತಿರಲಿಲ್ಲೇನ್ರಿ?” ಶುಭಾಂಗಿ ಕೇಳಿದಳು. ಅವಳ ದನಿ ಸಣ್ಣದಾಗಿತ್ತು.

“ತೊಗಲಿಗೆ ಜಾತಿ ಇಲ್ಲವಾ. ಹೊಲಿದಾಕಿಗೆ ಐತಿ.”

ಗದ್ದಲ ಬಂತು. ಕಣಗಲಾ ಕಡೆಯ ಯಾವುದೋ ಶಾಲೆಯ ಮಕ್ಕಳು. ಸಾಲು ಸಾಲಾಗಿ ಬಂದು ಬಾವಿ ಸುತ್ತ ಮುತ್ತಿಕೊಂಡರು. ಅವರ ಟೀಚರ್ ಬೋರ್ಡು ಓದಿದರು. “ನೋಡ್ರೆಪಾ, ಆಗಿನ ಮಂದಿ ಎಷ್ಟ ದಯಾಳು ಇದ್ರು. ಬಾಯಾರಿದವರಿಗೆ ನೀರ ಕೊಡ್ತಿದ್ರು. ನೀವು ಒಬ್ಬರಿಗೊಬ್ಬರು ಹಿಂಗ ಸಹಾಯ ಮಾಡ್ಬೇಕು. ತಿಳೀತ?”

“ತಿಳೀತ್ರೀ ಟೀಚರ್.”

ಮಕ್ಕಳು ಸಹಾಯ ಮಾಡಲು ಶುರು ಮಾಡಿದರು. ಅರ್ಧ ಮಕ್ಕಳು ನೀರಿನ ಬಾಟಲಿ ತೆಗೆದು ಕಲ್ಲಿನ ಮೇಲೆ ಹತ್ತಿದರು. ಅರ್ಧ ಮಕ್ಕಳು ಕೆಳಗೆ ನಡು ಬಗ್ಗಿಸಿ ಬೊಗಸೆ ಹಿಡಿದರು. ಮೇಲಿನವರು ಸುರಿದರು. ಕೆಳಗಿನವರು ಕುಡಿದರು. ಕಿಲಕಿಲ ನಗು. ಟೀಚರ್ ವಿಡಿಯೋ ಮಾಡಿದರು. ಎರಡು ಜಡೆಯ ಒಬ್ಬಳು ಮಾತ್ರ ಕೆಳಗೆ ನಿಂತು ಜಗಳ ತೆಗೆದಳು. “ನಾ ಯಾಕ ಬಗ್ಗಲಿ? ನನ್ನ ಕಡೆ ಬಾಟ್ಲಿ ಐತಿ. ಟೀಚರ್, ಈ ಅಜ್ಜಿ ಕಡೆ ತಂಬಗಿ ಇರಲಿಲ್ಲೇನ್ರಿ?”

ಟೀಚರ್ ಬೋರ್ಡು ನೋಡಿದರು. ಬೋರ್ಡಿನಲ್ಲಿ ಅದಕ್ಕೆ ಉತ್ತರ ಇರಲಿಲ್ಲ.

“ಇತ್ತು” ಅಂದಳು ಆಯಿ.

ಎಲ್ಲರೂ ತಿರುಗಿದರು. ಮಕ್ಕಳು ಆಯಿಯನ್ನು ನೋಡಿದರು. ಗೊಂಬೆಯನ್ನು ನೋಡಿದರು. ಆಯಿಯನ್ನು ನೋಡಿದರು. ಒಬ್ಬ ಹುಡುಗ ಟೀಚರ್ ಹಿಂದೆ ಅಡಗಿದ.

“ಹಿತ್ತಾಳಿ ತಂಬಗಿ. ನಮ್ಮ ತವರ ಮನಿದು. ಮನ್ಯಾಗ ಖಾಲಿ ಇರತಿತ್ತು. ಊರ ಬಾವಿ ಕಟ್ಟಿ ಕೆಳಗ ಹಿಂಗ ಕೊಡಾ ತುಗೊಂಡ ಬಂದ ನಿಂದರತಿದ್ನಿ. ಯಾರರ ಬಂದ ಸುರೀಬೇಕ. ಬರಲಿಲ್ಲಂದ್ರ ಇಲ್ಲ. ನಿಮ್ಮಪ್ಪ ಹೊಟ್ಯಾಗ ಇದ್ದಾಗ” ಅಂತ ನನ್ನ ಕಡೆ ನೋಡಿದಳು, “ಬ್ಯಾಸಿಗಿ. ಹೊತ್ತ ನೆತ್ತಿಗೆ ಬಂತು. ಯಾರೂ ಬರಲಿಲ್ಲ. ಮೋಟ ಒಂದ ಸವನ ನೀರ ತಂದ ಕಲ್ಲಿನ ದೋಣ್ಯಾಗ ಚೆಲ್ಲತೈತಿ. ಹಿಂದಿನ ದಿನಾನ ಅದಕ್ಕ ಎಣ್ಣಿ ತಿಕ್ಕೇನಿ. ನೀರ ನನ್ನ ಕಾಲ ಮುಂದ ಹಾದ ಕಬ್ಬಿಗೆ ಹೊಂಟೈತಿ. ಎತ್ತ ಕುಡದುವು. ಕಾಗಿ ಕುಡೀತು. ನಾ ನಿಂತಿದ್ನಿ.”

ಮಕ್ಕಳು ಒಬ್ಬೊಬ್ಬರಾಗಿ ಬಾಟಲಿಗಳ ಮುಚ್ಚಳ ಹಾಕಿಕೊಂಡರು.

ಆಯಿ ನನ್ನ ಭುಜ ಹಿಡಿದಳು. “ಕೈ ಕೊಡ” ಅಂದಳು.

“ಎಲ್ಲಿಗೆ?”

“ಮ್ಯಾಲ.”

ಕಟ್ಟೆಯ ಬದಿಗೆ ನಾಲ್ಕು ಮೆಟ್ಟಿಲು. ಎತ್ತರದ ಮೆಟ್ಟಿಲು. ಆಯಿಯ ಮೊಣಕಾಲು ಕಟಕಟ ಅಂದವು. ಸಿದ್ರಾಯ ಗೇಟಿನಿಂದ ಸೀಟಿ ಊದುತ್ತ ಓಡಿ ಬಂದ. “ಅಜ್ಜೀ, ಮ್ಯಾಲ ಹತ್ತಬ್ಯಾಡ್ರಿ! ಬೋರ್ಡ ಕಾಣಂಗಿಲ್ಲೇನ? ಮುಟ್ಟಬ್ಯಾಡ್ರಿ ಅಂತ ಬರದೈತಿ!”

“ಗೊತ್ತೈತಿ ಬಿಡೋ” ಅಂದಳು ಆಯಿ. “ಅದನ್ನ ನನಗ ಓದಿ ಹೇಳಬೇಕೇನ?”

ಶುಭಾಂಗಿ ಸಿದ್ರಾಯನ ಮುಂದೆ ಅಡ್ಡ ನಿಂತಳು. ಮೈಕು ಎತ್ತಿದಳು. “ಸಿದ್ರಾಯಣ್ಣಾ, ಇದ ಪ್ರಾತ್ಯಕ್ಷಿಕೆ ಐತಿ” ಅಂದಳು. ಇಡೀ ತೋಟಕ್ಕೆ ಕೇಳಿಸಿತು. ಅವನಿಗೆ ಆ ಶಬ್ದದ ಅರ್ಥ ಗೊತ್ತಿರಲಿಲ್ಲ. ನಿಂತ.

ಆಯಿ ಕಟ್ಟೆ ಹತ್ತಿದಳು. ಚಪ್ಪಲಿ ಕಾಲಲ್ಲೇ ಇತ್ತು.

ಉಸಿರು ತಗೊಂಡಳು. ಸೆರಗು ಸರಿ ಮಾಡಿಕೊಂಡಳು. ಇಳಕಲ್ ಸೀರೆಯ ಗೊಂಬೆಯ ಎದುರು ಹೋಗಿ ನಿಂತಳು. ಮೂಗಿಗೆ ಮೂಗು. ಬಹಳ ಹೊತ್ತು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಮುಖದಲ್ಲಿ ಖರೇನೇ ಆಶ್ಚರ್ಯ.

“ಪೂನಮ್ಮೀ, ಇಕಿ ಇಷ್ಟ ಕುಳ್ಳ ಇದ್ಲೇನ? ನನಗಿಂತ ಕುಳ್ಳ! ಕೆಳಗಿಂದ ಏಟ ಎತ್ತರ ಕಾಣ್ತಿದ್ಲು!”

ಮಕ್ಕಳು ಗೊಳ್ಳನೆ ನಕ್ಕರು. ಆಯಿಯೂ ನಕ್ಕಳು. ನಾನು ನಗಲಿಲ್ಲ.

ಅಷ್ಟರಲ್ಲಿ ಗಜಾನನ ಪಾಟೀಲರು ಆಫೀಸಿನಿಂದ ಬಂದರು. ಬಿಳಿ ಪ್ಯಾಂಟು, ಬಿಳಿ ಶರ್ಟು. ಹಿಂದೆ ಬಣ್ಣದ ಡಬ್ಬಿ ಹಿಡಿದ ಒಬ್ಬ ಹುಡುಗ. ಅವನು ಲಖನ. ಗೊಂಬೆ ಮಾಡಿದವನು ಅವನೇ. ಗೋಕಾಕದವನು, ಮೊದಲಿನಿಂದ ಕಟ್ಟಿಗೆ ಗೊಂಬೆ, ಕಟ್ಟಿಗೆ ಹಣ್ಣು ಮಾಡುವ ಮನೆತನ. ಆಯಿಯನ್ನು ನೋಡಿ ಅವನ ಕೈಯಿಂದ ಬ್ರಶ್ಶು ಬಿತ್ತು. ಫೋಟೋದಲ್ಲಿ ಮಾತ್ರ ನೋಡಿದ್ದನಂತೆ. ತೀರಿಹೋದ ಅಜ್ಜಿ ಅಂದುಕೊಂಡಿದ್ದನಂತೆ.

“ಕಾಶೆವ್ವಾ, ಏನಿದು? ಕೆಳಗ ಇಳಿ. ಸಾಲಿ ಹುಡುಗರ ಮುಂದ ಚಂದ ಕಾಣಸ್ತೈತೇನ?”

“ಕೆಳಗ ಒಬ್ಬಾಕಿ ಅದಾಳಲ್ರಿ, ನಾನ. ಇಬ್ಬಿಬ್ಬರು ಯಾಕ ಬೇಕ?”

“ನಿನಗ ಖುಷಿ ಆಕ್ಕೈತಿ ಅಂತ ಮಾಡ್ಸೇನಿ. ದೊಡ್ಡ ದೊಡ್ಡವರದ ಗೊಂಬಿ ಇಲ್ಲ ಇಲ್ಲೆ. ನಿಂದ ಐತಿ. ಸತ್ತ ಮ್ಯಾಲೂ ಉಳೀತಿ.”

“ಹಿಂಗ ಬಗ್ಗಿ ಉಳೀಲೇನ್ರಿ?”

ಪಾಟೀಲರು ಟೀಚರ್ ಕಡೆ ನೋಡಿದರು. ಟೀಚರ್ ಮಕ್ಕಳನ್ನು ಎಣಿಸತೊಡಗಿದರು. ಮಕ್ಕಳು ಒಬ್ಬರೂ ಅಲುಗಲಿಲ್ಲ.

“ಇದ್ದದ್ದ ಇದ್ದಂಗ ತೋರಸಬೇಕಲ್ಲ, ಕಾಶೆವ್ವಾ. ಇದ ಮ್ಯೂಜಿಯಮ್ ಐತಿ. ನೀವ ಹಂಗ ಕುಡೀತಿದ್ರಿ. ಸುಳ್ಳೇನ? ನಮ್ಮವ್ವ ನಿಮಗ ನೀರ ಕೊಡಲಿಲ್ಲೇನ?”

“ಕೊಟ್ಟಾಳ್ರಿ. ಸುಳ್ಳ ಹೇಳೂದಿಲ್ಲ. ಎಷ್ಟೋ ಸಲ ಕೊಟ್ಟಾಳ. ಕೊಟ್ಟಾಳ ಅಂತ ಬರದೀರಿ. ಯಾಕ ಕೊಡಬೇಕಾತು ಅಂತ ಬರದಿಲ್ಲ. ಮೋಟ ಯಾರದ ಅಂತ ಬರದಿಲ್ಲ. ಚಪ್ಪಲ ಮಾಡು ಮನಿಯಾಕಿ ಬರಿಗಾಲಿಲೆ ಯಾಕ ನಿಂತಾಳ ಅಂತ ಬರದಿಲ್ಲ.”

ಪಾಟೀಲರ ಕಿವಿ ಕೆಂಪಾಯಿತು. “ಈಗ ಏನ ಮಾಡಬೇಕಂತಿ? ನಿನಗ ಸರಿ ಕಾಣಸಲಿಲ್ಲಂದ್ರ ಬ್ಯಾಡ. ಲಖನ, ಆ ಕೆಳಗಿನ ಗೊಂಬಿ ಸಂಜೀಕ ತಗದ ಗೋಡೌನ್‌ನ್ಯಾಗ ಇಡ. ಮುಗೀತು.”

ನನಗೆ ಗೆದ್ದೆವು ಅನ್ನಿಸಿತು. ಚಪ್ಪಾಳೆ ಹೊಡೆಯಲು ಕೈ ಎತ್ತಿದ್ದೆ.

“ತಗೀಬ್ಯಾಡ್ರಿ” ಅಂದಳು ಆಯಿ.

“ಆಯಿ!” ಅಂದೆ.

“ನೀ ಸುಮ್ನಿರ. ತಗದ್ರ ಏನ ಉಳೀತೈತಿ? ಇಕಿ ಒಬ್ಬಾಕಿನ ಕಟ್ಟಿ ಮ್ಯಾಲ ನಿಂತ ನೀರ ಸುರೀತಾಳ. ಕೆಳಗ ಯಾರೂ ಇಲ್ಲ. ನಾಳೆ ಇದ ಸಾಲಿ ಹುಡುಗರು ಬಂದ ನೋಡ್ತಾವು. ಪಾಟೀಲರವ್ವ ಗಿಡಕ್ಕ ನೀರ ಹಾಕಾಕತ್ತಾಳ ಅಂತಾವು. ನಾವ ಇದ್ವಿ ಅನ್ನೂದ ಹೋತು. ನಾವ ನಿಂತದ್ದೂ ಹೋತು.”

ನಾನು ಎತ್ತಿದ್ದ ಕೈ ಇಳಿಸಿದೆ. ಕಲ್ಲು ತರುತ್ತೇನೆ ಅಂದಿದ್ದೆನಲ್ಲ ನಿನ್ನೆ. ಆ ಕಲ್ಲು ಯಾರಿಗೆ ಅನುಕೂಲವಾಗುತ್ತಿತ್ತು ಅಂತ ಆಗ ತಿಳಿಯಿತು.

“ಹಂಗಾರ ಏನ ಬೇಕ ನಿನಗ?”

“ಎರಡ ದಾರಿ ಅದಾವ್ರಿ. ಇದ್ದದ್ದ ಇದ್ದಂಗ ತೋರಸ್ತೀರಿ ಅಂದ್ರ ಇದ್ದದ್ದ ಇದ್ದಂಗ ಬರೀರಿ. ಈ ಮೋಟ ಸಮಗಾರ ರಾಜಪ್ಪ ಹೊಲದಾನ. ಹೇಣ್ತಿ ಕಾಶೆವ್ವ ತೊಗಲ ಹದಾ ಮಾಡ್ಯಾಳ. ಇದರ ನೀರ ಊರೆಲ್ಲಾ ಕುಡೀತು. ಅಕಿಗೆ ಕಟ್ಟಿ ಹತ್ತಾಕ ಬಿಡಲಿಲ್ಲ. ಹಂಗ ಬರದ್ರ ನಾ ಕೆಳಗ ನಿಂದರತೇನಿ. ಬಗ್ಗಿ ನಿಂದರತೇನಿ. ನಾಚಿಕಿ ನಂದಲ್ಲ.”

ಇಳಕಲ್ ಸೀರೆಯ ಗೊಂಬೆಯ ಭುಜದ ಮೇಲೆ ಕೈ ಇಟ್ಟಳು.

“ಬರಿಯಾಕ ಕೈ ಬರೂದಿಲ್ಲಂದ್ರ ನನ್ನ ಮ್ಯಾಲ ಹತ್ತಸ್ರಿ. ಇಕಿ ಬಾಜೂಕ. ಕೈಯಾಗ ತಂಬಗಿ ಕೊಟ್ಟ.”

“ಅದ ಸುಳ್ಳಾಕ್ಕೈತಿ. ನೀ ಯಾವತ್ತೂ ಹತ್ತಿಲ್ಲ.”

“ಈಗ ಹತ್ತೇನಲ್ರಿ. ಇಷ್ಟ ಮಂದಿ ನೋಡ್ಯಾರ.”

ಎರಡು ಜಡೆಯ ಹುಡುಗಿ ಕೈ ಎತ್ತಿದಳು. “ನಾ ನೋಡೇನ್ರಿ.”

“ನಾನೂ ನೋಡೇನ್ರಿ” ಅಂದ ಟೀಚರ್ ಹಿಂದೆ ಅಡಗಿದ್ದವನು. ಆಮೇಲೆ ಎಲ್ಲ ಮಕ್ಕಳೂ ಹಾಜರಿ ಕೊಡುವವರ ಹಾಗೆ ಕೂಗಿದರು. ಸಿದ್ರಾಯ ಕೂಡ ಅರ್ಧ ಕೈ ಎತ್ತಿ, ಪಾಟೀಲರನ್ನು ನೋಡಿ, ತಲೆ ತುರಿಸಿಕೊಂಡ.

ಪಾಟೀಲರು ಲಖನನ ಕಡೆ ತಿರುಗಿದರು. ಅವನಾದರೂ ಆಗುವುದಿಲ್ಲ ಅನ್ನಲಿ ಅಂತ.

“ಆಕ್ಕೈತ್ರಿ ಸಾಹೇಬ್ರ” ಅಂದ ಲಖನ. ಅವನ ಕಣ್ಣು ಆಯಿಯ ಹೆಬ್ಬೆರಳ ಮೇಲಿತ್ತು. “ನಡಾ ಸೀದಾ ಮಾಡಬಹುದು. ಕೈ ಬಿಡಸಬಹುದು. ಇಲ್ಲಾ, ಬೋರ್ಡ ಬರೀರಿ ಅಂದ್ರ ಬೋರ್ಡ ಬರೀತೇನಿ. ಎರಡೂ ನನ್ನ ಕೆಲಸಾನ. ನೀವ ಯಾವುದು ಅಂತ ಹೇಳ್ರಿ.”

ಪಾಟೀಲರು ಮೇಲೆ ನೋಡಿದರು. ಕಟ್ಟೆಯ ಮೇಲೆ ಅವರ ಅವ್ವ, ಅವ್ವನ ಪಕ್ಕದಲ್ಲಿ ನಮ್ಮ ಆಯಿ. ಅವರು ಕೆಳಗೆ. ಆಯಿಯ ಮುಖ ನೋಡಲು ಕತ್ತು ಎತ್ತಬೇಕಾಗಿತ್ತು. ಬಿಸಿಲು ಕಣ್ಣಿಗೆ ಬೀಳುತ್ತಿತ್ತು. ಅಂಗೈ ಅಡ್ಡ ಹಿಡಿದುಕೊಂಡರು.

“ಟ್ರಸ್ಟಿನವರನ್ನ ಕೇಳಬೇಕು” ಅಂದರು ಕೊನೆಗೆ. “ನಾ ಒಬ್ಬನ ಅಲ್ಲ. ನಾಳೆ ಮೀಟಿಂಗ್ ಕರೀತೇನಿ. ಹತ್ತ ಗಂಟೆಕ್ಕ. ಆಫೀಸಿಗೆ ಬಾ.”

“ಆಫೀಸ ಬ್ಯಾಡ್ರಿ. ಇಲ್ಲೆ. ಈ ಕಟ್ಟಿ ಮ್ಯಾಲ. ಎಲ್ಲಾರು ಮ್ಯಾಲ ಹತ್ತಿ ಕುಂದರೂನು. ಜಾಗಾ ಭಾಳ ಐತಿ, ಈಗ ನೋಡೇನಿ.”

“ಕಾಶೆವ್ವಾ…”

“ಲಖನಪ್ಪಾ, ನೀನೂ ಬಾರಪಾ. ಬ್ರಶ್ ತುಗೊಂಡ ಬಾ.”

“ಬರ್ತೇನ್ರಿ ಅಜ್ಜಿ.”

“ನಾನೂ ಬರ್ತೇನಿ” ಅಂದಳು ಶುಭಾಂಗಿ. ಮೈಕು ಇನ್ನೂ ಚಾಲೂ ಇತ್ತು. ಬರ್ತೇನಿ ಅಂದದ್ದು ಹೈವೇವರೆಗೆ ಹೋಯಿತು. ಅವಳ ಕೆಲಸ ಇನ್ನೊಂದು ದಿನ ಉಳಿದರೆ ಜಾಸ್ತಿ ಅಂತ ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಕಣ್ಣು ಮಿಟುಕಿಸಿದಳು.

ಪಾಟೀಲರು ಮಕ್ಕಳನ್ನು ನೋಡಿದರು. ಟೀಚರ್ ಕೈಯ ಫೋನಿನ ವಿಡಿಯೋ ಇನ್ನೂ ಓಡುತ್ತಿತ್ತು. ಅದನ್ನೂ ನೋಡಿದರು.

“ಆತು” ಅಂದರು. “ಹತ್ತಕ್ಕ. ಇಲ್ಲೆ. ಈಗರ ಇಳೀರಿ.”

ಇಳೀರಿ ಅಂದರು. ಇಳಿ ಅನ್ನಲಿಲ್ಲ. ಆಯಿಗೂ ಅದು ಕೇಳಿಸಿತು. ಆದರೂ ಅವಸರ ಮಾಡಲಿಲ್ಲ. ಕಟ್ಟೆಯ ಮೇಲಿದ್ದ ಸೇದುವ ಹಗ್ಗಕ್ಕೆ ಕಟ್ಟಿದ ಸಣ್ಣ ಕೊಡ ಇಳಿಬಿಟ್ಟು, ತಾನೇ ಸೇದಿದಳು. ಹಗ್ಗ ಅರ್ಧಕ್ಕೆ ನಿಂತಿತು. ನಾನು ಮುಂದೆ ಹೋದೆ. ಕಣ್ಣಿನಲ್ಲೇ ತಡೆದಳು. ಕೊಡ ಮೇಲೆ ಬಂತು. ಬಾಯಿ ಎತ್ತಿ ಗಟಗಟ ಕುಡಿದಳು. ಅರ್ಧ ನೀರು ಸೀರೆಯ ಮೇಲೆ ಹೋಯಿತು.

“ಸಪ್ಪಗ ಐತಿ” ಅಂದಳು. “ಇದಕ್ಕ ಇಷ್ಟ ವರ್ಷ ಕಾಯಬೇಕಾತೇನ?”

ಕೊಡ ಕಟ್ಟೆಯ ಮೇಲಿಟ್ಟು, ನನ್ನ ಭುಜ ಹಿಡಿದು ಇಳಿದಳು. ಬೊಗಸೆ ಹಿಡಿದು ನಿಂತ ತನ್ನ ಗೊಂಬೆಯ ಬೆನ್ನ ಮೇಲೆ ಒಮ್ಮೆ ಕೈಯಾಡಿಸಿದಳು. ಇನ್ನೊಂದ ದಿನ ತಡಕೋವಾ ಅಂತ ಅದರ ಕಿವಿಯಲ್ಲಿ ಅಂದಳು. ಪಾಟೀಲರನ್ನು ದಾಟಿ ಗೇಟಿನ ಕಡೆ ನಡೆದಳು. ನಾಲ್ಕು ಹೆಜ್ಜೆ ಹೋದವಳು ನಿಂತು ತಿರುಗಿದಳು.

“ಗಜಾನನಪ್ಪಾ, ನಾಳಿನ ಚಾ ನಮ್ಮ ಮನಿದ್ರಿ. ಪೂನಮ್ಮಿ ಶುಂಠಿ ಹಾಕಿ ಛೊಲೊ ಮಾಡ್ತಾಳ. ಟ್ರಸ್ಟಿನ ಎಲ್ಲಾರಿಗೂ ಹೇಳ್ರಿ, ಮನ್ಯಾಗ ಕುಡದ ಬರಬ್ಯಾಡ್ರಿ ಅಂತ.”